ಪೂರ್ತಿ ಒತ್ತಿದ ಕ್ಲಚ್

ರಿವರ್ಸ್ ಗೇರಿಗೆ ಹಾಕಿದ ಕೂಡಲೇ ಕಾರು ಕರ್ರ್ ಎಂದು ಹಲ್ಲು ಕಡಿಯಿತು. ಬಾನೆಟ್ಟಿನ ಪಕ್ಕ ಕಿವಿಗೊಟ್ಟು ನಿಂತಿದ್ದ ವಾಣಿಶ್ರೀ ಬೆಚ್ಚಿ ಕೈಯೆತ್ತಿದಳು.

"ಬಂದ್ ಮಾಡ್ರಿ, ಬಂದ್ ಮಾಡ್ರಿ! ಕ್ಲಚ್ ಪೂರ್ತಿ ಒತ್ತಿದ್ರಿಲ್ಲೋ?"

"ಪೂರ್ತಿನ ಒತ್ತೀನಲ್ಲ," ಎಂದರು ಸ್ಟೀರಿಂಗ್ ಹಿಂದೆ ಕೂತಿದ್ದ ಗಂಡ ಶಶಿಕಾಂತ. ಎಂಜಿನ್ ಆರಿಸಿ ಹಣೆಯ ಬೆವರೊರೆಸಿಕೊಂಡರು.

ಹ್ಯೂಸ್ಟನ್ನಿನ ತೈಲ ಕಂಪನಿಯೊಂದರಲ್ಲಿ ಪಂಪು, ವಾಲ್ವುಗಳ ವಿನ್ಯಾಸ ಮಾಡುತ್ತಲೇ ತಲೆ ಹಣ್ಣು ಮಾಡಿಕೊಂಡವಳು ವಾಣಿಶ್ರೀ. ನಿವೃತ್ತಿಯಾದ ಮೇಲೆ ಊರಿನ ಹೆಂಗಸರೆಲ್ಲ ಭಜನೆಗೆ ಕರೆದರೆ ಅವಳು ಮನೆಯಲ್ಲೇ ಬಿಡಿಭಾಗ ಜೋಡಿಸಿ ಕಟ್ಟುವ ಕಿಟ್ ಕಾರು ತರಿಸಿದಳು. ಚಾಸಿ, ಫೈಬರಿನ ಮೈ, ನಟ್ಟು ಬೋಲ್ಟುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಪೇರ್‌ಲ್ಯಾಂಡಿನ ಅವರ ಮನೆಯ ಗ್ಯಾರೇಜಿಗೆ ಬಂದು ಬಿದ್ದವು. ಎರಡು ಸೀಟಿನ, ಛಾವಣಿ ಇಲ್ಲದ ಕಾರು. ಆಟೋಮ್ಯಾಟಿಕ್ ಬೇಡ, ಕೈಯಾರೆ ಗೇರು ಹಾಕುವಂಥದೇ ಬೇಕು ಎಂದು ಹಟ ಹಿಡಿದವರು ಮಾತ್ರ ಶಶಿಕಾಂತ. ಜನ್ಮವೆಲ್ಲ ಮಕ್ಕಳ ಡಾಕ್ಟರಾಗಿ ದುಡಿದವರು. ಹುಬ್ಬಳ್ಳಿಯಲ್ಲಿ ತಂದೆಯ ಜೀಪು ಓಡಿಸಿದ ರುಚಿ ಅವರ ನಾಲಗೆಯಿಂದ ಹೋಗಿರಲಿಲ್ಲ.

ಗೇರ್‌ಬಾಕ್ಸ್ ಸಿಕ್ಕಿದ್ದು ಡಲ್ಲಾಸ್ ಹತ್ತಿರದ ಮರ್ಫಿಯಲ್ಲಿ, ಗೆಳೆಯ ಜಯತೀರ್ಥನ ಮನೆಯಲ್ಲಿ. ಅದನ್ನು ತರಲು ಹೋದಾಗ ಜಯತೀರ್ಥನ ಹೊಸ್ತಿಲಿಗೆ ಎಡಗಾಲು ತಾಗಿ ಶಶಿಕಾಂತ ಮುಗ್ಗರಿಸಿದ್ದರು. "ಚಪ್ಪಲಿ ಹೊಸಾವು," ಎಂದು ನಕ್ಕಿದ್ದರು. ಎಲ್ಲರೂ ನಕ್ಕಿದ್ದರು.

ಇಂಥ ಕ್ಲಚ್ಚಿಗೆ ತಂತಿ ಇರುವುದಿಲ್ಲ. ಪೆಡಲ್ ಒತ್ತಿದರೆ ಒಂದು ಸಿಲಿಂಡರಿನ ಎಣ್ಣೆ ಕೊಳವೆಯಲ್ಲಿ ಹರಿದು, ಗೇರ್‌ಬಾಕ್ಸಿನ ಬದಿಯ ಇನ್ನೊಂದು ಸಿಲಿಂಡರಿನ ಕಡ್ಡಿಯನ್ನು ನೂಕುತ್ತದೆ. ಆ ಕಡ್ಡಿ ಕ್ಲಚ್ಚನ್ನು ಬಿಡಿಸುತ್ತದೆ. ಎಣ್ಣೆಯಲ್ಲಿ ಗಾಳಿ ಸೇರಿದರೆ ಕಡ್ಡಿ ಪೂರ್ತಿ ಚಲಿಸದೆ, ಕ್ಲಚ್ ಬಿಡದೆ, ಗೇರು ಕರ್ರ್ ಎನ್ನುತ್ತದೆ. ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಒತ್ತಲು, ಒಬ್ಬರು ಕೆಳಗೆ ನಟ್ಟು ಸಡಿಲಿಸಲು. ಪೆಡಲ್ ಅವರದು, ಪಾನಾ ಇವಳದು ಎಂದು ಮೊದಲೇ ಹಂಚಿಕೆಯಾಗಿತ್ತು.

ಎಷ್ಟು ಸಲ ಗಾಳಿ ತೆಗೆದರೂ ಗೇರು ಕರ್ರ್ ಎನ್ನುವುದು ತಪ್ಪಲಿಲ್ಲ. ವಾಣಿಶ್ರೀ ಕೆಳಗಿನ ಸಿಲಿಂಡರ್ ಬದಲಿಸಿದಳು. ಆಮೇಲೆ ಮೇಲಿನದು. ಆಮೇಲೆ ಕೊಳವೆ. ಕೊನೆಗೆ ಬೆನ್ನು ಮುರಿಯುವ ಆ ಗೇರ್‌ಬಾಕ್ಸನ್ನೇ ಇಳಿಸಿ ಕ್ಲಚ್ ಪ್ಲೇಟಿನ ಮೇಲೆಲ್ಲ ಬೆರಳಾಡಿಸಿ ನೋಡಿದಳು. ಒಂದು ಗೀರೂ ಇಲ್ಲ. ಶಶಿಕಾಂತ ಮೂಲೆಯ ಕುರ್ಚಿಯಲ್ಲಿ ಕೂತು ಅವಳ ಕೈಯನ್ನೇ ದಿಟ್ಟಿಸುತ್ತಿದ್ದರು. "ಏನರೆ ಸಿಕ್ತೇನು?" ಎಂದು ಅವರು ಕೇಳುವ ದನಿಯಲ್ಲಿ ಏನೋ ಆತುರ. ಇವಳು ಇಲ್ಲವೆಂದರೆ ಮುಖ ಕಪ್ಪಿಡುತ್ತಿತ್ತು. ಕಾರಿನ ಮೇಲೆ ಇಷ್ಟೊಂದು ಆಸೆಯೇ ಎಂದು ಅವಳಿಗೆ ಕನಿಕರವಾಗುತ್ತಿತ್ತು.

ಗೇರ್‌ಬಾಕ್ಸ್ ಮತ್ತೆ ಏರಿಸಿದ ಮರುದಿನ ಶಶಿಕಾಂತ ಮೀನಾಕ್ಷಿ ಗುಡಿಗೆ ಹೋಗಿದ್ದರು. ವಾಣಿಶ್ರೀಗೆ ತಡೆಯಲಾಗಲಿಲ್ಲ. ತಾನೇ ಸೀಟಿಗೆ ಜಾರಿ, ಎಂಜಿನ್ ಚಾಲೂ ಮಾಡಿ, ಪೆಡಲನ್ನು ತುದಿ ಮುಟ್ಟುವ ತನಕ ಒತ್ತಿದಳು. ಬೆಣ್ಣೆಗೆ ಚಮಚ ಇಳಿದಂತೆ ರಿವರ್ಸ್ ಬಿತ್ತು. ಸದ್ದೇ ಇಲ್ಲ. ತೆಗೆದು ಮತ್ತೆ ಹಾಕಿದಳು. ಒಂದನೆಯದು, ಎರಡನೆಯದು, ಮತ್ತೆ ರಿವರ್ಸ್. ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

ಶಶಿಕಾಂತ ಬಂದ ಕೂಡಲೇ ಕೈಹಿಡಿದು ಕರೆತಂದು ಸೀಟಿನಲ್ಲಿ ಕೂರಿಸಿದಳು. "ಹಾಕ್ರಿ ಈಗ, ನೋಡ್ರಿ ಮಜಾ."

ಕರ್ರ್.

ವಾಣಿಶ್ರೀ ಎಂಜಿನ್ ಬಂದ್ ಮಾಡಿಸಿ ಟಾರ್ಚ್ ಹಿಡಿದು ಕಾರಿನಡಿ ಹೋದಳು. "ಒತ್ರಿ," ಎಂದಳು. ಕಡ್ಡಿ ಸ್ವಲ್ಪ ಮುಂದೆ ಬಂತು, ನಡುಗಿತು, ಅರ್ಧಕ್ಕೇ ನಿಂತಿತು.

"ಪೂರ್ತಿ ಒತ್ರಿ."

"ಪೂರ್ತಿ ಒತ್ತೀನಿ ವಾಣಿ."

ಸಿಲಿಂಡರಲ್ಲ, ಕೊಳವೆಯಲ್ಲ, ಪ್ಲೇಟಲ್ಲ. ಒಂದೊಂದನ್ನೇ ತಳ್ಳಿಹಾಕುತ್ತ ಬಂದ ಎಂಜಿನಿಯರಿನ ಬುದ್ಧಿ ತಾನಾಗಿಯೇ ಮುಂದಿನ ಹೆಜ್ಜೆ ಇಟ್ಟುಬಿಟ್ಟಿತು. ಮನಸ್ಸು ಬೇಡವೆಂದರೂ ಕೇಳಲಿಲ್ಲ. ಅವಳು ಹೊರಬಂದು ಬಾಗಿಲು ತೆರೆದು ಒಳಗೆ ಬೆಳಕು ಬಿಟ್ಟಳು. ಪೆಡಲ್ ಅರ್ಧದಲ್ಲಿತ್ತು. ಅದರ ಮೇಲಿದ್ದ ಎಡಗಾಲು ಗಡಗಡ ನಡುಗುತ್ತಿತ್ತು. ಪ್ಯಾಂಟು ಮೇಲೆ ಸರಿಸಿದಳು. ಮೀನಖಂಡ ಕರಗಿ ಕೋಲಿನಂತಾಗಿತ್ತು. ಚರ್ಮದಡಿ ಸಣ್ಣ ಹುಳುಗಳು ಹರಿದಾಡಿದಂತೆ ಮಾಂಸ ತನ್ನಷ್ಟಕ್ಕೆ ತಾನೇ ಮಿಡುಕುತ್ತಿತ್ತು.

"ಯಾವಾಗಿಂದ?" ಎಂದಳು.

"ಯುಗಾದಿ ಆಜೂಬಾಜು."

"ಡಾಕ್ಟರ್ ಇದ್ದೀರಿ ನೀವು!"

"ಡಾಕ್ಟರ್ ಇದ್ದದ್ದಕ್ಕ ಹೇಳ್ಲಿಲ್ಲ."

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. "ಗೇರ್‌ಬಾಕ್ಸ್ ಇಳಿಸಿದೆ, ಮತ್ತ ಏರಿಸಿದೆ. ನೀವು ಎಲ್ಲಾ ಗೊತ್ತಿದ್ದೂ ನೋಡ್ಕೋತ ಕೂತಿದ್ರಿ!"

"ಕ್ಲಚ್ಚಿನಾಗ ಏನರೆ ಸಿಗಲಿ ಅಂತ ದೇವರನ್ನ ಬೇಡ್ಕೋತ ಕೂತಿದ್ದೆ," ಎಂದರು ಶಶಿಕಾಂತ. "ಅಲ್ಲೇ ದೋಷ ಇದ್ರ, ನನ್ನ ಕಾಲು ಬರೇ ದಣದದ ಅಂತ ಆಗ್ತಿತ್ತಲ್ಲ."

ಅವಳು ಎಣ್ಣೆ ಮೆತ್ತಿದ ಕೈಯಲ್ಲೇ ಅವರ ಪಾದವನ್ನು ಪೆಡಲಿನಿಂದ ಎತ್ತಿ ಕೆಳಗಿಟ್ಟಳು. ಅದು ಅವಳೆಣಿಸಿದ್ದಕ್ಕಿಂತ ಹಗುರವಾಗಿತ್ತು.

ಹ್ಯೂಸ್ಟನ್ನಿನ ಮೆಡಿಕಲ್ ಸೆಂಟರಿನಲ್ಲಿ ನರರೋಗದ ಡಾಕ್ಟರ್ ಉದಯಶಂಕರ, ಶಶಿಕಾಂತರ ಹಳೆಯ ಪರಿಚಯದವರು. ಸ್ನಾಯುಗಳಿಗೆ ಸೂಜಿ ಚುಚ್ಚಿ ಪರದೆ ನೋಡುವಾಗ ಅವರು ಹುಬ್ಬಳ್ಳಿಯ ಮಿರ್ಚಿ ಭಜಿಯ ಮಾತಾಡುತ್ತಿದ್ದರು. ನಡುವೆ ಮಾತು ನಿಂತಿತು. ಬಲಗಾಲಿಗೂ ಚುಚ್ಚಿದರು. ಕೈಗೂ ಚುಚ್ಚಿದರು. ಅವರು ಕೈಗೆ ಚುಚ್ಚಿದ್ದು ಯಾಕೆಂದು ವಾಣಿಶ್ರೀ ಗಂಡನ ಮುಖ ನೋಡಿದಳು; ಶಶಿಕಾಂತ ಕಿಟಕಿಯ ಕಡೆ ತಿರುಗಿದರು.

"ಸ್ನಾಯು ನಡೆಸೋ ನರಗಳು ಒಂದೊಂದ ಸಾಯ್ಲಿಕ್ಕತ್ತಾವ ವೈನಿ," ಎಂದರು ಉದಯಶಂಕರ. "ನಿಧಾನ ಮಾಡೋ ಔಷಧ ಅದ. ನಿಲ್ಲಿಸೋದು ಇಲ್ಲ."

ಕಾರನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದಳು ವಾಣಿಶ್ರೀ. ಶಶಿಕಾಂತ ಒಪ್ಪಲಿಲ್ಲ. ಮಗಳು ನಿಹಾರಿಕಾ ಆಸ್ಟಿನ್ನಿನಲ್ಲಿದ್ದಳು. "ಫೋನಿನಾಗ ಹೇಳೋ ಮಾತಲ್ಲ ಇದು. ಈ ಕಾರಿನಾಗ ಹೋಗಿ ಹೇಳೂಣು," ಎಂದರು.

ಕಾರಿನ ನೋಂದಣಿ ಮುಗಿದ ಮೇಲೆ ಒಂದು ಶನಿವಾರ ಬೆಳಗ್ಗೆ ಹೊರಟರು. ವಾಣಿಶ್ರೀಯ ಎಡಗಾಲು ಕ್ಲಚ್ಚಿನ ಮೇಲೆ. ಅವಳ ಬಲಪಕ್ಕದ ಸೀಟಿನಲ್ಲಿ ಕೂತ ಶಶಿಕಾಂತರ ಎಡಗೈ ಗೇರಿನ ಮೇಲೆ. ಗೇರು ತಾವೇ ಹಾಕುತ್ತೇನೆಂದು ಮಗುವಿನಂತೆ ರಚ್ಚೆ ಹಿಡಿದಿದ್ದರು. ಅವಳು ತಲೆ ಆಡಿಸಿ ಒತ್ತಿದರೆ ಅವರು ಎಳೆಯುತ್ತಿದ್ದರು. ಲಾ ಗ್ರೇಂಜ್ ದಾಟುವವರೆಗೆ ಒಂದು ಸಲವೂ ತಾಳ ತಪ್ಪಲಿಲ್ಲ. ಗಾಳಿಗೆ ಬೆಳ್ಳಿಗೂದಲು ಹಾರಿಸಿಕೊಂಡು ಅವರು ನಗುತ್ತಿದ್ದರು. ಅವಳೂ ನಕ್ಕಳು.

ಬಾಸ್ಟ್ರಪ್ ಹತ್ತಿರ ಸಿಗ್ನಲ್ಲಿಗೆ ನಿಂತು ಮತ್ತೆ ಹೊರಟಾಗ ಅವಳು ಕ್ಲಚ್ ಒತ್ತಿದಳು. ಗೇರು ಬೀಳಲಿಲ್ಲ. ನೋಡಿದರೆ ಅವರ ಕೈ ಗೇರಿನ ಗುಂಡಿಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಬೆರಳುಗಳನ್ನು ಮತ್ತೆ ಸುತ್ತಿ ಹಿಡಿಯಲು ನೋಡಿದರು, ಮತ್ತೆ ಜಾರಿತು. ಹೆಬ್ಬೆರಳಿನ ಬುಡದಲ್ಲಿ, ದಪ್ಪ ಮಾಂಸ ಇರಬೇಕಾದಲ್ಲಿ, ಸಣ್ಣ ಗುಳಿ ಬಿದ್ದಿತ್ತು.

ಹಿಂದಿನ ಟ್ರಕ್ಕು ಹಾರ್ನ್ ಹೊಡೆಯಿತು. ವಾಣಿಶ್ರೀ ತಾನೇ ಗೇರು ಹಾಕಿದಳು. ಶಶಿಕಾಂತ ಆ ಕೈಯನ್ನು ತೊಡೆಯಡಿ ಇಟ್ಟುಕೊಂಡು ರಸ್ತೆ ನೋಡುತ್ತ ಕೂತರು. ಆಸ್ಟಿನ್ ಬರುವವರೆಗೆ ಗೇರು ಅವಳೇ ಹಾಕಿದಳು.

ನಿಹಾರಿಕಾ ಫೋನಿನಲ್ಲಿ ವಿಡಿಯೋ ತೆಗೆಯುತ್ತ ಮನೆಯ ಮುಂದೆ ನಿಂತಿದ್ದಳು. "ಓ ಮೈ ಗಾಡ್, ಅಮ್ಮಾ! ಯೂ ಡಿಡ್ ಇಟ್!" ಎಂದು ಕುಣಿಯುತ್ತ ಬಂದು ಅಪ್ಪನ ಕಡೆಯ ಬಾಗಿಲು ತೆರೆದಳು. "ಕಮ್ ಆನ್ ಡ್ಯಾಡ್, ಇಳೀರಿ!"

"ತಡಿಯವಾ," ಎಂದರು ಶಶಿಕಾಂತ. ಕೂತಲ್ಲಿಂದ ಏಳಲಿಲ್ಲ.

ಮಗಳು ನಗುತ್ತಲೇ ಫೋನು ಕೆಳಗಿಳಿಸಿದಳು. ನಗು ಇನ್ನೂ ಮುಖದ ಮೇಲಿದ್ದಾಗಲೇ ಅವಳ ಕಣ್ಣು ಅಮ್ಮನ ಕಡೆ ತಿರುಗಿತು. ವಾಣಿಶ್ರೀ ಎಂಜಿನ್ ಆರಿಸಿ, ಸುತ್ತಿಬಂದು, ಗಂಡನ ಎರಡೂ ಕಂಕುಳಡಿ ಕೈ ಕೊಟ್ಟಳು.