ವಿಮೆಗೆ ನಾಲ್ಕು ತಿಂಗಳು ಹೆಚ್ಚಾದ ಮೊಲ

ನಾನು ಒಂದು ಮೊಲ. ಬೂದಿ ಬಣ್ಣದ, ಬಲಗಿವಿ ಸ್ವಲ್ಪ ಜೋತುಬಿದ್ದ, ತಿನ್ನುವ ವಿಷಯದಲ್ಲಿ ಯಾರ ಮಾತೂ ಕೇಳದ ಮೊಲ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಮನೆಯ ಮಾಳಿಗೆಯ ಮೇಲೆ, ತಂತಿ ಗೂಡಿನಲ್ಲಿ. ಹುಟ್ಟಿದಾಗ ಕಣ್ಣು ಮುಚ್ಚಿತ್ತು, ಮೈಮೇಲೆ ಒಂದು ಕೂದಲೂ ಇರಲಿಲ್ಲ. ಅವ್ವ ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ನಮಗೆ ಹಾಸಿಗೆ ಮಾಡಿದ್ದಳು. ಮೊಲ ಸಾಕಿ ಮಾರುವ ಆ ಮನೆಯವರು ಬಹಳ ಕಟ್ಟುನಿಟ್ಟಿನ ಜನ. ಪ್ರತಿ ಮರಿಯ ಜೊತೆ ಹುಟ್ಟಿದ ದಿನದ ಚೀಟಿ ಕೊಡುತ್ತಿದ್ದರು. ನನ್ನ ಚೀಟಿಯಲ್ಲಿ ಫೆಬ್ರವರಿ ಒಂಬತ್ತು ಎಂದು ಬರೆದಿತ್ತು.

ಮೊದಲು ನನ್ನನ್ನು ಕೊಂಡವರು ಧಾರವಾಡದ ಒಂದು ಕುಟುಂಬದವರು, ಮಗಳ ಹುಟ್ಟುಹಬ್ಬಕ್ಕೆ. ಮಗಳಿಗೆ ನನ್ನ ಮೇಲೆ ಪ್ರೀತಿ ಇದ್ದದ್ದು ಹದಿನೈದು ದಿನ. ಅಷ್ಟರಲ್ಲಿ ನಾನು ಸೋಫಾದ ಒಂದು ಮೂಲೆಯನ್ನೂ ಎರಡು ಚಾರ್ಜರ್ ವೈರುಗಳನ್ನೂ ಮುಗಿಸಿದ್ದೆ. ಮನೆಯೊಡತಿ ನನ್ನನ್ನು ಚೀಟಿಯ ಸಮೇತ ಬುಟ್ಟಿಯಲ್ಲಿಟ್ಟುಕೊಂಡು ಓಣಿಯ ಅಂಗನವಾಡಿಗೆ ಬಂದಳು. "ಅಕ್ಕೋರ, ಮಕ್ಕಳಿಗೆ ಮೊಲ ಅಂದ್ರ ಇದು ಅಂತ ತೋರಸ್ರಿ," ಎಂದು ಹೇಳಿ ಹೊರಟೇಹೋದಳು.

ಅಂಗನವಾಡಿಯ ಅಕ್ಕೋರು ಎಂದರೆ ಮಹಾದೇವಿ. ಆಗ ಅವಳಿಗೆ ಐವತ್ತು ದಾಟಿತ್ತು. ಮಕ್ಕಳು ನನಗೆ ಬೂದ್ಯಾ ಎಂದು ಹೆಸರಿಟ್ಟರು. ಆ ತಿಂಗಳು ಮಕ್ಕಳ ತೂಕ ಹಾಕುವ ದಿನ ಬಂದಾಗ, "ಬೂದ್ಯಾಂದೂ ತೂಕ ಮಾಡ್ರಿ," ಎಂದು ಪಟ್ಟು ಹಿಡಿದರು. ಮಹಾದೇವಿ ನನ್ನನ್ನು ತಕ್ಕಡಿಯ ಚೀಲದಲ್ಲಿ ಕೂರಿಸಿದಳು. ನಾಲ್ಕು ಕಾಲೂ ಗಾಳಿಯಲ್ಲಿ ನೇತಾಡುತ್ತಿದ್ದವು. ಅಂಥ ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ. ಅವಳು ಒಂದು ರಟ್ಟಿನ ಮೇಲೆ ಮಕ್ಕಳ ಕಾರ್ಡಿನಂತೆಯೇ ಗೆರೆ ಎಳೆದು, ಹಸಿರು, ಹಳದಿ, ಕೆಂಪು ಪಟ್ಟಿ ಬಳಿದು, ಚೀಟಿ ನೋಡಿ ಹುಟ್ಟಿದ ದಿನ ಬರೆದು, ನನ್ನ ಮೊದಲ ಚುಕ್ಕೆ ಇಟ್ಟಳು. ಹಸಿರಿನಲ್ಲಿತ್ತು, ಎಂದರೆ ತೂಕ ಸರಿಯಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ಕೇಂದ್ರದಲ್ಲಿ ಪ್ರಾಣಿ ಇರಕೂಡದೆಂದು ಮೇಲ್ವಿಚಾರಕಿ ಹೇಳಿದ ಮೇಲೆ ಮಹಾದೇವಿ ನನ್ನನ್ನು ಮನೆಗೆ ಒಯ್ದಳು. ಅಲ್ಲಿ ಅವಳೂ ಅವಳ ಅಣ್ಣ ಗುರುಲಿಂಗಪ್ಪ ಮಾಸ್ತರರೂ ಇದ್ದರು. ಮಾಸ್ತರರು ಪ್ರಾಥಮಿಕ ಶಾಲೆಯ ಹೆಡ್ ಮಾಸ್ತರರಾಗಿ ನಿವೃತ್ತರಾದವರು. ನಾನು ಅವರನ್ನು ಕಂಡದ್ದು ಹೆಚ್ಚಾಗಿ ಮೊಣಕಾಲಿನ ಕೆಳಗೆ. ಬಿಳಿ ಧೋತರ, ಸವೆದ ಚಪ್ಪಲಿ, ಸಂಜೆಯಾದರೆ ನೆಲಕ್ಕೆ ಉದುರುವ ಚುರುಮುರಿ. "ಮನ್ಯಾಗ ಇಂಥಾದ್ದೆಲ್ಲಾ ಬ್ಯಾಡ," ಎಂದು ಮೊದಲ ದಿನ ಗುಡುಗಿದರು. ನಾಲ್ಕನೆಯ ದಿನ ಸಂತೆಯಿಂದ ನನಗೆಂದೇ ಬೇರೆ ಮೆಂತೆ ಸಿವುಡು ತಂದರು. ಮಹಾದೇವಿ ನೋಡಿಯೂ ನೋಡದವಳಂತೆ ಇದ್ದಳು. ಪ್ರತಿ ಸೋಮವಾರ ಬೆಳಿಗ್ಗೆ ಅವಳು ನನ್ನನ್ನು ಬುಟ್ಟಿಯಲ್ಲಿಟ್ಟು ತೂಗಿ ಕಾರ್ಡಿನಲ್ಲಿ ಚುಕ್ಕೆ ಇಡುತ್ತಿದ್ದಳು. ಹೀಗೆ ಐದು ವರ್ಷ ಸುಖವಾಗಿ ಕಳೆದವು.

ಐದು ತುಂಬಿದ ಬೇಸಿಗೆಯಲ್ಲಿ ಒಂದು ದಿನ ನನಗೆ ತಿನ್ನಲಾಗಲಿಲ್ಲ. ಹೊಟ್ಟೆ ಕಲ್ಲಾಗಿತ್ತು. ನಾವು ಮೊಲಗಳು ನೋವಾದರೆ ಕೂಗುವುದಿಲ್ಲ, ಮೂಲೆ ಹಿಡಿದು ಸುಮ್ಮನಾಗುತ್ತೇವೆ. ಅಣ್ಣ ತಂಗಿ ಇಬ್ಬರೂ ನನ್ನನ್ನು ಎತ್ತಿಕೊಂಡು ಊರೆಲ್ಲ ಅಲೆದರು. ದನ, ನಾಯಿ ನೋಡುವ ವೈದ್ಯರು, "ಮೊಲದ್ದು ನಮಗ ಅಷ್ಟು ತಿಳಿಯಂಗಿಲ್ರೀ," ಎಂದರು. ಕೊನೆಗೆ ಹುಬ್ಬಳ್ಳಿಯಲ್ಲಿ ಡಾಕ್ಟರ್ ಫರ್ಹಾನಾ ಸಿಕ್ಕರು. ಮೂರು ದಿನ ಅಲ್ಲಿಟ್ಟುಕೊಂಡು ನನ್ನನ್ನು ಬದುಕಿಸಿದರು. ಬಿಲ್ಲು ನೋಡಿ ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

"ಮಾದೇವಿ, ಇದಕ್ಕೊಂದು ವಿಮಾ ಮಾಡಸೂಣು," ಎಂದರು ಮನೆಗೆ ಬಂದ ಮೇಲೆ.

"ಮೊಲಕ್ಕೂ ವಿಮಾ ಐತೇನ? ನಿಂಗಿಲ್ಲ, ನಂಗಿಲ್ಲ, ಇದಕ್ಕ?"

"ನಾವು ನೋವು ಬಂದ್ರ ಒದರ್ತೀವಿ. ಇದಕ್ಕ ಬಾಯಿ ಇಲ್ಲಲ್ಲ. ಮುಂದಿನ ಸರ್ತಿ ರೊಕ್ಕಕ್ಕಂತ ತಡಾ ಆಗಿ ಇದು ಹೋತಂದ್ರ ನೀ ತಡಕೋತೀ ಏನ?"

ಮಹಾದೇವಿ ನನ್ನನ್ನು ಮಡಿಲಿಗೆ ಎಳೆದುಕೊಂಡಳು. ಜೋತುಬಿದ್ದ ಕಿವಿಯನ್ನು ಸವರುತ್ತ ಕುಳಿತಳು.

ಜೂನ್ ತಿಂಗಳ ನಡುವೆ ವಿಮೆಯ ಏಜೆಂಟ್ ಮಡಿವಾಳಪ್ಪ ಬಂದ. ಮಾಸ್ತರರ ಹಳೆಯ ವಿದ್ಯಾರ್ಥಿ. ಕುರ್ಚಿ ಕೊಟ್ಟರೂ ಅಂಚಿನಲ್ಲೇ ಕೂತ. ಅವನು ಹೇಳಿದ ಒಂದು ಮಾತಿಗೆ ಇಬ್ಬರ ಮುಖವೂ ಬಾಡಿತು. ಐದು ವರ್ಷ ತುಂಬಿದ ಮೊಲವನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ. ನನಗೆ ಐದು ವರ್ಷ ನಾಲ್ಕು ತಿಂಗಳು.

ಮಾಸ್ತರರು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ಅರ್ಜಿ ಎಳೆದುಕೊಂಡು, ಮುತ್ತಿನಂಥ ಅಕ್ಷರದಲ್ಲಿ ನನ್ನ ಜನ್ಮದಿನ ಬರೆದರು. ಜೂನ್ ಒಂದು. ಇಸವಿಯನ್ನೂ ಮುಂದಕ್ಕೆ ತಳ್ಳಿದ್ದರು. ಒಂದೇ ಏಟಿಗೆ ನನಗೆ ನಾಲ್ಕು ವರ್ಷವಾಯಿತು. ಹಿಂದೆ ಕಾಯಿಲೆ ಬಿದ್ದಿತ್ತೇ ಎಂಬ ಪ್ರಶ್ನೆಯ ಮುಂದೆ ಇಲ್ಲ ಎಂದು ಬರೆದರು.

ಮಡಿವಾಳಪ್ಪ ನಕ್ಕುಬಿಟ್ಟ. "ಸರ, ನಂದೂ ಜೂನ್ ಒಂದ! ನಮ್ಮ ವರ್ಗದಾಗ ಹದಿನೇಳು ಮಂದಿದು ಜೂನ್ ಒಂದ. ಎಲ್ಲಾ ನೀವ ಬರದಿದ್ದು."

"ನಿಮ್ಮ ಅವ್ವಗ ನೀ ಹುಟ್ಟಿದ್ದು ಯಾವಾಗ ಅಂದ್ರ, ಜೋಳಾ ಕೊಯ್ಯೂ ಮುಂದ ಅಂದ್ಳು. ನಾ ಜೂನ್ ಒಂದು ಬರದೆ, ನೀ ಸಾಲಿಗೆ ಬಂದಿ. ಯಾರಿಗೇನು ನಷ್ಟ ಆತು?" ಎಂದರು ಮಾಸ್ತರರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರು ಬರೆದ ತಾರೀಖುಗಳಿಂದ ಎಷ್ಟೋ ಮಕ್ಕಳು ಶಾಲೆಯ ಬಾಗಿಲು ದಾಟಿದ್ದರು. ಮಡಿವಾಳಪ್ಪ ತಲೆ ತಗ್ಗಿಸಿ, "ಆತ್ರಿ ಸರ. ತೂಕದ ದಾಖಲಿ ಇದ್ರ ಅದನ್ನೂ ಕೊಡ್ರಿ. ಸೋಮವಾರ ಬಂದು ಒಯ್ತೀನಿ," ಎಂದು ಎದ್ದ.

ತೂಕದ ದಾಖಲೆ ಎಂದರೆ ಮಹಾದೇವಿಯ ಕಾರ್ಡು. ಅದರ ತಲೆಯ ಮೇಲೆ ಫೆಬ್ರವರಿ ಒಂಬತ್ತು ಎಂದು ಮಸಿಯಲ್ಲಿ ಬರೆದಿತ್ತು. ಕಾಯಿಲೆಯ ವಾರ ಚುಕ್ಕೆ ಹಸಿರಿನಿಂದ ಹಳದಿಗೆ ಧೊಪ್ಪನೆ ಬಿದ್ದದ್ದೂ ಇತ್ತು.

"ಹೊಸಾದೊಂದು ಬರದು ಬಿಡು," ಎಂದರು ಮಾಸ್ತರರು. "ಇದರ ಜೀವಾ ಉಳಿಯೂ ಕೆಲಸ, ಪಾಪೇನಲ್ಲ."

ಭಾನುವಾರ ಮಧ್ಯಾಹ್ನ ಮಹಾದೇವಿ ಹೊಸ ರಟ್ಟು ಹಿಡಿದು ನೆಲದ ಮೇಲೆ ಕುಳಿತಳು. ನಾನು ಪಕ್ಕದಲ್ಲಿ ಕ್ಯಾರೆಟ್ ಸೊಪ್ಪು ತಿನ್ನುತ್ತಿದ್ದೆ. ಜೂನ್ ಒಂದು ಎಂದು ಬರೆದಳು. ಚುಕ್ಕೆಗಳನ್ನು ಒಂದೊಂದಾಗಿ ಇಳಿಸಿದಳು. ಕಾಯಿಲೆಯ ವಾರಕ್ಕೆ ಬಂದಾಗ ಆ ಚುಕ್ಕೆಯನ್ನು ಹಸಿರಿನಲ್ಲೇ ಇಡಬೇಕಿತ್ತು. ಪೆನ್ನು ರಟ್ಟಿನ ಮೇಲೆ ನಿಂತೇಬಿಟ್ಟಿತು. ನಾನು ಅಗಿಯುವುದನ್ನು ನಿಲ್ಲಿಸಿ ನೋಡಿದೆ. ಅವಳ ಕಣ್ಣಲ್ಲಿ ನೀರು.

"ಅಣ್ಣಾ, ನಂಗ ಆಗಂಗಿಲ್ಲ," ಎಂದಳು. "ಕೆಲಸಕ್ಕ ಸೇರಿದ ಹೊಸದಾಗ ಗಿರಿಜಾ ಅಂತ ಕೂಸಿತ್ತು. ಕೆಂಪಿನ್ಯಾಗ ಇತ್ತು. ಕೇಂದ್ರದ ಹೆಸರು ಕೆಡತೈತಿ, ಹಳದಿ ಮಾಡು ಅಂದ್ರು ಮ್ಯಾಲಿನವರು. ಅಂಜಿ ಮಾಡಿದೆ. ಕಾರ್ಡ್ ಚಂದ ಕಾಣತಿತ್ತು, ಹಂಗಾಗಿ ಆ ಕೂಸಿನ್ನ ದವಾಖಾನಿಗೆ ಯಾರೂ ಕಳಸಲಿಲ್ಲ. ನಾಕು ತಿಂಗಳು. ಆಮ್ಯಾಲೆ ನಾನ ಹೊತಗೊಂಡು ಓಡಿದೆ. ದೇವರ ದಯಾ, ಉಳೀತು. ಈಗ ಕಾಲೇಜಿಗೆ ಹೊಂಟೈತಿ. ಆದ್ರ ಆ ಚುಕ್ಕಿ ನಂಗ ಇನ್ನೂ ಚುಚ್ಚತೈತಿ. ನೀ ಬರದ ತಾರೀಖಿನಿಂದ ಮಕ್ಕಳು ಒಳಗ ಬಂದ್ರು. ನಾ ಬರದ ಚುಕ್ಕಿಯಿಂದ ಒಂದು ಕೂಸು ಹೊರಗ ಉಳೀತು."

ತಂಗಿ ಈ ಮಾತನ್ನು ಅಣ್ಣನಿಗೆ ಹೇಳಿದ್ದು ಇದೇ ಮೊದಲು. ಮಾಸ್ತರರು ಎದ್ದು ಹೋಗಿ ಅರ್ಜಿ ತಂದು, ಜೂನ್ ಒಂದನ್ನೂ ಕಾಯಿಲೆಯ ಮುಂದಿನ ‘ಇಲ್ಲ’ವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಅವರು ಆ ತಾರೀಖನ್ನು ಹೊಡೆದುಹಾಕಿದ್ದೇ ಇಲ್ಲವಂತೆ.

ಸೋಮವಾರ ಮಡಿವಾಳಪ್ಪ ಬಂದು, ಅರ್ಜಿ ನೋಡಿ, ಚಹಾ ಕುಡಿದು ಹೋದ. ನನಗೆ ವಿಮೆ ಸಿಗಲಿಲ್ಲ.

ಎರಡು ದಿನ ಮಾಸ್ತರರ ಮುಖ ಗಂಟು ಹಾಕಿಕೊಂಡೇ ಇತ್ತು. ಮೂರನೆಯ ದಿನ ಗೋಡೆಗೆ ವೇಳಾಪಟ್ಟಿ ಅಂಟಿಸಿದರು. ಬೆಳಿಗ್ಗೆ ನನ್ನ ಹಿಕ್ಕೆ ನೋಡುವುದು ಅವರ ಪಾಲು. ಸಣ್ಣದಾಗಿದೆಯೋ, ಕಡಿಮೆಯಾಗಿದೆಯೋ ಎಂದು ಕನ್ನಡಕ ಏರಿಸಿಕೊಂಡು ಪರೀಕ್ಷಿಸುತ್ತಿದ್ದರು. ಊರಿಗೆಲ್ಲ ಅಕ್ಷರ ಕಲಿಸಿದ ಮನುಷ್ಯ ನನ್ನ ಹಿಕ್ಕೆಯ ಮುಂದೆ ಬಗ್ಗಿ ಕೂತದ್ದು ನೋಡಿ ನನಗೆ ಒಳಗೊಳಗೇ ಹೆಮ್ಮೆ. ವಿಮೆಗೆ ಕಟ್ಟಬೇಕಿದ್ದ ಹಣವನ್ನು ಮಹಾದೇವಿ ತಿಂಗಳು ತಿಂಗಳು ಅಂಚೆ ಕಚೇರಿಯಲ್ಲಿ ಇಡತೊಡಗಿದಳು.

ದೀಪಾವಳಿ ಕಳೆದ ಮೇಲೆ ನನ್ನ ಬಾಯಲ್ಲಿ ಏನೋ ಚುಚ್ಚತೊಡಗಿತು. ನಮ್ಮ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತವೆ, ಒಳಗಿನ ಹಲ್ಲೊಂದು ಮೊನಚಾಗಿ ನಾಲಿಗೆ ಕೊಯ್ಯುತ್ತಿತ್ತು. ನಾನು ಎಂದಿನಂತೆ ಯಾರಿಗೂ ತೋರಗೊಡಲಿಲ್ಲ. ತಟ್ಟೆಗೆ ಬಾಯಿ ಹಾಕುತ್ತಿದ್ದೆ, ಮೂಗು ಅಲ್ಲಾಡಿಸುತ್ತಿದ್ದೆ. ಆದರೆ ಸೋಮವಾರ ತಕ್ಕಡಿಗೆ ನನ್ನ ನಾಟಕ ನಡೆಯಲಿಲ್ಲ. "ಎಂಬತ್ತು ಗ್ರಾಂ ಇಳದೈತಿ," ಎಂದಳು ಮಹಾದೇವಿ. ಒಂಬತ್ತರ ಬಸ್ಸಿಗೆ ನಾವು ಮೂವರೂ ಹುಬ್ಬಳ್ಳಿಗೆ ಹೊರಟೆವು.

ಡಾಕ್ಟರ್ ಫರ್ಹಾನಾ ಬಾಯಿ ತೆರೆದು ನೋಡಿ, ಹಲ್ಲಿನ ಮೊನೆ ತೇದು ಸರಿಮಾಡಿದರು. "ಚಲೋ ಆತು ಇವತ್ತ ತಂದ್ರಿ. ಇನ್ನೊಂದು ವಾರ ತಡಾ ಆಗಿದ್ರ ಹೊಟ್ಟಿ ಮತ್ತ ನಿಂದರತಿತ್ತು," ಎಂದರು. ಮಹಾದೇವಿ ಒಯ್ದಿದ್ದ ತೂಕದ ಕಾರ್ಡನ್ನು ತಿರುವಿ ಮುರುವಿ ನೋಡಿದರು. "ಇಷ್ಟು ಖರೇ ಕಾಗದಾ ನನಗ ಯಾರೂ ತಂದು ಕೊಟ್ಟಿಲ್ರೀ." ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಚೆ ಕಚೇರಿಯ ಹಣ ಆ ದಿನದ ಖರ್ಚಿಗೆ ಸಾಕಾಯಿತು.

ಈಗ ನನಗೆ ಒಂಬತ್ತು ವರ್ಷ. ಮೊಲದ ಲೆಕ್ಕದಲ್ಲಿ ಹಣ್ಣು ಮುದುಕ. ಎಡಗಣ್ಣು ಮಂಜಾಗಿದೆ, ಹಿಂದಿನ ಕಾಲು ಮೊದಲಿನಂತೆ ನೆಗೆಯುವುದಿಲ್ಲ. ಅಡುಗೆಮನೆಯ ಬಾಗಿಲ ಬಳಿ, ನೀರಿನ ಹರವಿಯ ತಂಪಿನಲ್ಲಿ ನನ್ನ ಗೋಣಿಚೀಲ ಹಾಸಿದೆ. ದಿನದ ಬಹುಪಾಲು ಅಲ್ಲೇ ಮಲಗಿ ನನ್ನ ಬಾಳನ್ನು ಮೆಲುಕು ಹಾಕುತ್ತೇನೆ. ಒಂದು ದಿನ ಯಾವ ಡಾಕ್ಟರ ಕೈಗೂ ಸಿಗದೆ ಹೋಗುವವನೇ ನಾನು, ಅದು ಗೊತ್ತಿದೆ. ಆದರೂ ನನಗೆ ಭಯವಿಲ್ಲ. ನಿನ್ನೆ ಮಧ್ಯಾಹ್ನ ಹೊಟ್ಟೆ ತುಂಬಿತ್ತೆಂದು ನಾಲ್ಕು ಮೆಂತೆ ಎಲೆ ಹಾಗೇ ಬಿಟ್ಟೆ. ರೊಟ್ಟಿ ಮುರಿಯುತ್ತಿದ್ದ ಅಣ್ಣ ತಂಗಿ ಇಬ್ಬರೂ ಅರ್ಧ ಊಟಕ್ಕೆ ಎದ್ದು, ಎಂಜಲು ಕೈಯಲ್ಲೇ ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತರು. ಅವರ ಸಮಾಧಾನಕ್ಕೆ ನಾಲ್ಕೂ ಎಲೆ ತಿಂದೆ.