ಖಾಲಿ ಕೋಣೆಯ ಫ್ಯಾನು

ತಮ್ಮನ ಮದುವೆ ನಿಂತಿದ್ದದ್ದು ನೆಲಮಾಳಿಗೆಯ ಗಾಳಿಯಿಂದ. ಹೊಸ ಜೋಡಿಗೆ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ ಕೋಣೆ, ಅಲ್ಲಿಟ್ಟ ರೇಡಾನ್ ಮೀಟರ್ ಮುನ್ನೂರು ದಾಟಿತ್ತು. ನೂರರ ಒಳಗೆ ಇಳಿಯದೆ ಅಲ್ಲಿ ಯಾರೂ ಮಲಗಬಾರದೆಂದು ನಾನು ಹಟ ಹಿಡಿದಿದ್ದೆ. ಮಣ್ಣಿನಿಂದ ಏಳುವ ಈ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕುತ್ತು. ಸಂಜೆ ತರಗತಿಯಲ್ಲಿ ಇದನ್ನು ಕಲಿತಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ನೆಲದ ಬಿರುಕುಗಳನ್ನೆಲ್ಲ ಮುಚ್ಚಿದೆವು. ನೆಲ ಕೊರೆದು ಪೈಪು ಇಳಿಸಿ, ಅಡಿಯ ಗಾಳಿಯನ್ನು ಹೀರಿ ಹೊರಗೆ ಬಿಡಲು ಸೂರಿನಲ್ಲಿ ಫ್ಯಾನು ಕೂರಿಸಿದೆವು. ಮೀಟರ್ ಇಳಿಯಿತು, ಮತ್ತೆ ಏರಿತು. ತಪ್ಪು ಜಾಗದಲ್ಲಿ ಕೊರೆದೆನೇನೋ ಎಂದು ನಾನು ಒಳಗೊಳಗೇ ಬೆಂದೆ.

"ಅಕ್ಕ, ನನ್ನ ತಲೆ ಬೆಳ್ಳಗಾಗೋದ್ರೊಳಗೆ ಮದುವೆ ಆಗತ್ತಾ?" ಎಂದು ತಮ್ಮ ದಿನವೂ ಕೆಣಕುತ್ತಿದ್ದ.

ಅವನ ಹುಡುಗಿ ಎಲೆಕ್ಟ್ರಿಷಿಯನ್. ಒಂದು ಮಧ್ಯಾಹ್ನ ಬಂದವಳು, ಸೂರಿನ ಫ್ಯಾನು ತಿರುಗುತ್ತಲೇ ಇಲ್ಲವೆಂದು ಕಂಡುಹಿಡಿದಳು. ಅದರ ಸದ್ದು ಕೆಳಗೆ ಕೇಳಿಸದು, ಸ್ವಿಚ್ಚು ಮಾತ್ರ ನೆಲಮಾಳಿಗೆಯ ಬಾಗಿಲಲ್ಲಿತ್ತು. ನಾನು ಆರಿಸಿಲ್ಲ, ನಾನು ಆರಿಸಿಲ್ಲ ಎಂದು ಎಲ್ಲರೂ ಆಣೆ ಇಟ್ಟರು. ಅವಳು ವಾದಿಸಲಿಲ್ಲ. ಸ್ವಿಚ್ಚು ಹಾಕಿ ಮೂಲೆಯಲ್ಲಿ ನಿಂತು, ಒಬ್ಬೊಬ್ಬರಾಗಿ ಬಂದು ಮೀಟರ್ ನೋಡಿ ಹೋಗಿ ಎಂದಳು.

ಅಮ್ಮ ನೋಡಿದಳು, ಹೊರಟಳು, ಟಕ್. ಹುಡುಗಿ ಮತ್ತೆ ಹಾಕಿದಳು. ಅಪ್ಪ, ಟಕ್. ತಮ್ಮ ಏನೋ ಗುನುಗುತ್ತಾ, ಟಕ್. ಕೊನೆಗೆ ನಾನು ಅಂಕಿಯನ್ನು ಎರಡೆರಡು ಸಲ ಓದಿ, ಜವಾಬ್ದಾರಿಯಿಂದ ಬಾಗಿಲು ದಾಟಿದೆ. ಹಿಂದೆ ಅವಳು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಿದ್ದಳು. ನನ್ನ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

ಕೋಣೆ ಬಿಡುವಾಗ ಎಲ್ಲ ಆರಿಸಬೇಕೆಂದು ನಮ್ಮನ್ನು ತಿದ್ದಿ ಬೆಳೆಸಿದ್ದೇ ಅಮ್ಮ. ಅವಳು ಸೋಲಲಿಲ್ಲ: "ಯಾರೂ ಇಲ್ದಿರೋ ಕೋಣೇಲಿ ಫ್ಯಾನು ಯಾರಿಗೋಸ್ಕರ ತಿರುಗ್ಬೇಕಮ್ಮಾ?"

"ನಿಮ್ಮ ಮೊಮ್ಮಕ್ಕಳಿಗೋಸ್ಕರ, ಅತ್ತೆ."

ತಮ್ಮ ಕಿವಿಯವರೆಗೂ ಕೆಂಪಾದ. ಹುಡುಗಿ ಸ್ವಿಚ್ಚನ್ನೇ ಕಿತ್ತು, ಫ್ಯಾನಿಗೆ ನೇರ ತಂತಿ ಎಳೆದು, ಆ ಜಾಗ ಮುಚ್ಚಲು ಬರೀ ಪ್ಲಾಸ್ಟಿಕ್ ತಟ್ಟೆ ಬಡಿದಳು.

ಮೀಟರ್ ಅರವತ್ತಕ್ಕೆ ಇಳಿದು ಅಲ್ಲೇ ನಿಂತಿತು. ನಾನು ಇನ್ನೊಂದು ವಾರ ಕಾದೆ, ಅಲುಗಲಿಲ್ಲ. ಆಮೇಲೆ ನಾನೇ ಮುಂದೆ ನಿಂತು ಮಂಚ ಇಳಿಸಿದೆ. ತಮ್ಮ ಹಾಸಿಗೆಯನ್ನು ತಬ್ಬಿಕೊಂಡೇ ಎರಡು ಸುತ್ತು ಕುಣಿದ. ಎಲ್ಲರೂ ನಗುತ್ತಾ ಮೇಲೆ ಹೊರಟೆವು. ಬಾಗಿಲಲ್ಲಿ ನಾಲ್ಕು ಕೈಗಳು ಒಂದರ ಹಿಂದೊಂದು ಆ ಬರೀ ತಟ್ಟೆಯನ್ನು ತಡವಿ ಹೋದವು.