ಹಿತ್ತಲ ಕೋಣೆಯ ಹುಡುಗಿ

ನಿಂಗ್‌ನಿಂಗ್ ಮೊಟ್ಟಮೊದಲು ಆಡಿದ ಮಾತು ಅವಳ ಅಮ್ಮನಿಗೇ ಅರ್ಥವಾಗಲಿಲ್ಲ. ಮೀನಿನ ಮಾರ್ಕೆಟ್ಟಿನಿಂದ ಬಂದು ಅಂಗಳದ ನಲ್ಲಿಯಲ್ಲಿ ಕೈ ತಿಕ್ಕಿಕೊಳ್ಳುತ್ತಿದ್ದ ಚಾವ್‌ಫೆನ್ ಕಡೆ ತಿರುಗಿ ಮಗು ಏನೋ ಅಂದಿತು. ಚಾವ್‌ಫೆನ್ ಮನೆಯೊಡತಿ ಬಾವೊ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬಿದ್ದು ಬಿದ್ದು ನಕ್ಕಳು.

"ಏಡಿ ಬೇಕಂತೆ ಕಣೇ ನಿನ್ನ ಮಗಳಿಗೆ! ಹಲ್ಲೇ ಬಂದಿಲ್ಲ, ಆಗಲೇ ಉಪ್ಪೇಡಿ ಕೇಳ್ತಾಳೆ. ಪಕ್ಕಾ ನಿಂಗ್ಬೊ ನಾಲಿಗೆ!"

ಚಾವ್‌ಫೆನ್ ಕೂಡ ನಕ್ಕಳು. ನಿಂಗ್ಬೊ ಊರಿನ ಮಾತು ಅವಳಿಗಿನ್ನೂ ಬರುತ್ತಿರಲಿಲ್ಲ. ಅವಳೂ ಗಂಡ ಷೌಯಿಯೂ ದೂರದ ಒಳನಾಡಿನ ಗುಯಿಜೌ ಸೀಮೆಯ ಬೆಟ್ಟದೂರಿನವರು. ಅಲ್ಲಿ ಮುಸುಕಿನ ಜೋಳದ ಹೊಲಗಳು ಎಷ್ಟು ಕಡಿದಾಗಿದ್ದವೆಂದರೆ ತೆನೆ ಕೈತಪ್ಪಿದರೆ ಪಕ್ಕದೂರಲ್ಲಿ ಹುಡುಕಬೇಕು ಎಂದು ಜನ ತಮಾಷೆ ಮಾಡುತ್ತಿದ್ದರು. ಮದುವೆಯಾದ ಮರುವರ್ಷವೇ ಇಬ್ಬರೂ ಸಮುದ್ರದ ದಿಕ್ಕಿಗೆ ಹೊರಟು ಬಂದರು ನಗರ ನಿಂಗ್ಬೊ ಸೇರಿದರು. ಅವಳಿಗೆ ಮೀನು ಸೀಳುವ ಕೆಲಸ ಸಿಕ್ಕಿತು, ಅವನಿಗೆ ಮೂರು ಗಾಲಿಯ ಗಾಡಿಯಲ್ಲಿ ಮಂಜುಗಡ್ಡೆ ಸಾಗಿಸುವ ಕೆಲಸ. ಹಳೆಯ ಓಣಿಯೊಂದರಲ್ಲಿ ವಿಧವೆ ಬಾವೊ ಅಜ್ಜಿ ತನ್ನ ಹಿತ್ತಲ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಮಗಳು ಹುಟ್ಟಿದ್ದು ಆ ಕೋಣೆಯಲ್ಲಿದ್ದಾಗಲೇ. ಬದುಕು ಕೊಟ್ಟ ಊರೆಂದು ಷೌಯಿ ಊರ ಹೆಸರಿನದೇ ಒಂದು ಚೂರನ್ನು ಮುರಿದು ಮಗಳಿಗೆ ಇಟ್ಟ.

ಬೆಳಗಿನ ಜಾವ ದಂಪತಿ ಮಾರ್ಕೆಟ್ಟಿಗೆ ಹೋದರೆ ಮಗು ಅಜ್ಜಿಯ ಮಗ್ಗುಲಿಗೆ. ಅಜ್ಜಿ ಅವಳಿಗೆ ಉಣ್ಣಿಸಿದಳು, ಬೈದಳು, ತನ್ನ ಕಾಲದ ಜೋಗುಳ ಹೇಳಿದಳು. ನಾಲ್ಕು ವರ್ಷಕ್ಕೇ ನಿಂಗ್‌ನಿಂಗ್ ತರಕಾರಿಯವನ ಹತ್ತಿರ ಅಜ್ಜಿಯ ರಾಗದಲ್ಲೇ ಜಗಳವಾಡುತ್ತಿದ್ದಳು. "ಇದು ಸೊಪ್ಪೋ, ಹಸು ಮೇಯ್ದು ಬಿಟ್ಟಿದ್ದೋ?" ಅನ್ನುತ್ತಿದ್ದಳು. ಮನೆಯಲ್ಲಿ ಚಾವ್‌ಫೆನ್ ಮಾಡುವ ಖಾರದ ಹುಳಿಸಾರು ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಸುರಿಸಿ ಅಜ್ಜಿಯ ಅಡುಗೆಮನೆಗೆ ಓಡುತ್ತಿದ್ದಳು. ಓಣಿಗೆ ಹೊಸದಾಗಿ ಬಂದವರು ಅವಳನ್ನು ಅಜ್ಜಿಯ ಸ್ವಂತ ಮೊಮ್ಮಗಳೆಂದೇ ತಿಳಿಯುತ್ತಿದ್ದರು. ಅಜ್ಜಿ ಅಲ್ಲವೆನ್ನುತ್ತಿರಲಿಲ್ಲ. ಇದನ್ನು ಕೇಳಿದಾಗ ಚಾವ್‌ಫೆನ್‌ಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು, ಎದೆಯಲ್ಲಿ ತಂಪಾಗುತ್ತಿತ್ತು. ನನಗೆ ಸಿಗದ ಊರು ಇವಳಿಗಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತಿದ್ದಳು.

ಮಗಳು ಒಂಬತ್ತನೇ ತರಗತಿಗೆ ಬಂದಾಗ ಟೀಚರು ಚಾವ್‌ಫೆನ್‌ಳನ್ನು ಕರೆಸಿದರು.

"ನೋಡಿ ಅಕ್ಕ, ಹುಡುಗಿ ಚೆನ್ನಾಗಿ ಓದ್ತಾಳೆ. ಆದರೆ ಮುಂದಿನ ಓದಿಗೆ ಇಲ್ಲೇ ಪರೀಕ್ಷೆ ಬರೀಬೇಕು ಅಂದ್ರೆ ನೀವು ಈ ಊರಲ್ಲಿ ನೆಲೆಯಾಗಿದೀರಿ ಅಂತ ತೋರಿಸ್ಬೇಕು. ಮನೆ ಓನರ್ ಒಂದ್ಸಲ ಕಚೇರಿಗೆ ಬಂದು, ಇವರು ನಮ್ಮನೇಲೇ ಇರೋದು, ಈ ವಿಳಾಸಕ್ಕೆ ಇವರ ಹೆಸರು ಸೇರಿಸಿ ಅಂತ ಹೇಳ್ಲಿ. ಉಳಿದಿದ್ದೆಲ್ಲ ಹೇಗೋ ಆಗುತ್ತೆ. ಇದಾಗ್ಲಿಲ್ಲ ಅಂದ್ರೆ ನಿಮ್ಮೂರಿಗೇ ಕಳಿಸಬೇಕಾಗುತ್ತೆ."

ಚಾವ್‌ಫೆನ್‌ಗೆ ನಿರಾಳವಾಯಿತು. ಇಷ್ಟೇ ತಾನೇ? ಅಂದು ಚಳಿಗಾಲದ ಹಬ್ಬ. ಅಜ್ಜಿ ಗೆಣಸಿನ ಸಿಹಿಗಂಜಿಗೆ ಅಕ್ಕಿಹಿಟ್ಟಿನ ಉಂಡೆ ಕಟ್ಟುತ್ತಿದ್ದಳು. ಚಾವ್‌ಫೆನ್ ಪಕ್ಕದಲ್ಲಿ ಕುಳಿತು, ತಾನೂ ನಾಲ್ಕು ಉಂಡೆ ಕಟ್ಟಿ, ವಿಷಯ ತೆಗೆದಳು.

"ಅಯ್ಯೋ, ಇದನ್ನೂ ಕೇಳ್ಬೇಕಾ ನೀನು!" ಅಜ್ಜಿ ಹಿಟ್ಟಿನ ಕೈಯಲ್ಲೇ ಅವಳ ತೋಳಿಗೆ ತಟ್ಟಿದಳು. "ನಾನು ಎತ್ತಿ ಆಡಿಸಿದ ಮಗು ಅದು. ನಾಳೇನೇ ಹೋಗೋಣ. ದಾಚೆಂಗ್‌ಗೆ ಒಂದು ಮಾತು ಹೇಳಿಬಿಡ್ತೀನಿ ಅಷ್ಟೆ, ಕಾರಲ್ಲಿ ಕರ್ಕೊಂಡು ಹೋಗ್ತಾನೆ."

ದಾಚೆಂಗ್ ಅಜ್ಜಿಯ ಒಬ್ಬನೇ ಮಗ. ನಗರದ ಇನ್ನೊಂದು ತುದಿಯಲ್ಲಿ ಎತ್ತರದ ಕಟ್ಟಡದಲ್ಲಿ ಹೆಂಡತಿಯೊಂದಿಗೆ ಇದ್ದ. ಮರುದಿನ ಅವನು ಬಂದದ್ದು ನಿಜ, ಕಾರಲ್ಲೇ ಬಂದ. ಚಾವ್‌ಫೆನ್‌ಳನ್ನು ಮುಂದಿನ ಕೋಣೆಗೆ ಕರೆದು, ಕೂರಿಸಿ, ತಾನೇ ಟೀ ಬಗ್ಗಿಸಿಕೊಟ್ಟ. ಅಷ್ಟು ವರ್ಷಗಳಲ್ಲಿ ಅವಳು ಆ ಕೋಣೆಯ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು.

"ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಅಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಿ, ನನಗೆ ಗೊತ್ತು. ಆದರೆ ಈ ಓಣಿ ಕೆಡವ್ತಾರೆ ಅಂತ ಸುದ್ದಿ ಇದೆ. ಕೆಡವುವಾಗ ಈ ಮನೆಗೆ ಯಾರ್ಯಾರ ಹೆಸರಿದೆ ಅಂತ ನೋಡ್ತಾರೆ. ಆಮೇಲೆ ಅದೂ ಇದೂ ತಕರಾರು..."

"ನಮಗೆ ನಿಮ್ಮನೇಲಿ ಏನೂ ಬೇಡ ಅಣ್ಣ. ಪರೀಕ್ಷೆ ಮುಗಿದ ದಿನವೇ ಹೆಸರು ತೆಗೆಸ್ತೀವಿ. ಬೇಕಾದ್ರೆ ದೇವರ ಮುಂದೆ ಆಣೆ ಮಾಡ್ತೀನಿ."

"ನೀವು ಒಳ್ಳೆಯವರೇ. ಆದರೆ ನಾಳೆ ಏನಾಗುತ್ತೆ ಅಂತ ಯಾರಿಗೆ ಗೊತ್ತು?"

ಚಾವ್‌ಫೆನ್ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಿಟಕಿಯ ಬಳಿ ಕುಳಿತು ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಜ್ಜೀ... ನೀವಾದ್ರೂ ಹೇಳಿ."

ಅಜ್ಜಿ ಇನ್ನೊಂದು ಕಾಯಿ ಬಿಡಿಸಿದಳು. "ನಾನೇನು ಹೇಳ್ಲಿ? ಅವನು ಹೆತ್ತ ಮಗ," ಅಂದಳು. ಆಮೇಲೆ, ತನ್ನ ಮಾತು ತನಗೇ ಸಾಲದು ಅನ್ನಿಸಿತೋ ಏನೋ, ಸ್ವಲ್ಪ ಗಡಸಾಗಿ ಸೇರಿಸಿದಳು, "ಅಷ್ಟಕ್ಕೂ ನೀವು ಹೊರಗಿನೋರು ತಾನೇ. ನಿಮಗೂ ಒಂದು ಊರು ಅಂತ ಇದೆಯಲ್ಲ. ಅವರವರ ಊರು ಅವರವರಿಗೆ."

ಬಾಗಿಲ ಬಳಿ ನಿಂಗ್‌ನಿಂಗ್ ನಿಂತಿದ್ದಳು. ಶಾಲೆಯ ಚೀಲ ಇನ್ನೂ ಹೆಗಲಲ್ಲೇ ಇತ್ತು. ಅಜ್ಜಿಯನ್ನೊಮ್ಮೆ ನೋಡಿ ಹಿತ್ತಲ ಕೋಣೆಗೆ ಹೋದಳು. ಅಂದಿನಿಂದ ಅವಳು ಅಜ್ಜಿಯ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ. ಅಜ್ಜಿ ಬಟ್ಟಲಲ್ಲಿ ಉಪ್ಪೇಡಿ ಹಾಕಿ ಬಾಗಿಲ ಬಳಿ ಇಟ್ಟು ಹೋಗುತ್ತಿದ್ದಳು. ಅದನ್ನು ಓಣಿಯ ಬೆಕ್ಕು ತಿನ್ನುತ್ತಿತ್ತು.

ಹೊಸ ವರ್ಷದ ಹಬ್ಬದ ರಜೆಯಲ್ಲಿ ಚಾವ್‌ಫೆನ್ ಮಗಳನ್ನು ಗುಯಿಜೌಗೆ ಕರೆದೊಯ್ದು ತಾಲ್ಲೂಕು ಊರಿನ ಶಾಲೆಗೆ ಸೇರಿಸಿ, ಹಾಸ್ಟೆಲಿನಲ್ಲಿ ಬಿಟ್ಟಳು. ಅಮ್ಮ ವಾಪಸು ಬಸ್ಸು ಹತ್ತುವಾಗ ಮಗಳು ಕೇಳಿದ್ದು ಒಂದೇ ಮಾತು. "ಅಮ್ಮ, ನಿಮ್ಮೂರಲ್ಲಿ ನಾನು ಯಾರ ಹತ್ರ ಮಾತಾಡ್ಲಿ?"

"ನಿಮ್ಮೂರು ಅಂತೀಯಲ್ಲೇ. ಇದು ನಿನ್ನದೂ ಊರೇ," ಅಂದಳು ಚಾವ್‌ಫೆನ್. ಹಾಗೆ ಹೇಳಿದ್ದು ತನ್ನ ಕಿವಿಗೇ ಟೊಳ್ಳಾಗಿ ಕೇಳಿಸಿತು.

ಅಲ್ಲಿನ ಮಕ್ಕಳು ಮನೆಮಾತಿನಲ್ಲಿ ಗೇಲಿ ಮಾಡಿದರೆ ನಿಂಗ್‌ನಿಂಗ್‌ಗೆ ಅರ್ಧವೇ ತಿಳಿಯುತ್ತಿತ್ತು. ಆ ಅರ್ಧವೇ ಸಾಕಾಗಿತ್ತು. ಅವಳಿಗೆ 'ಸಮುದ್ರದ ಮಹಾರಾಣಿ' ಎಂದು ಹೆಸರಿಟ್ಟರು. ಪುಸ್ತಕಗಳು ಬೇರೆ, ಪಾಠಗಳು ಎಲ್ಲಿಂದಲೋ ಎಲ್ಲಿಗೋ. ಹಾಸ್ಟೆಲಿನಲ್ಲಿ ಮೂರು ಹೊತ್ತೂ ಮೆಣಸಿನಕಾಯಿ. ಅವಳು ಬಿಸಿನೀರಲ್ಲಿ ತರಕಾರಿ ತೊಳೆದು ತಿನ್ನುವುದನ್ನು ನೋಡಲು ಹುಡುಗಿಯರು ಸುತ್ತ ನೆರೆಯುತ್ತಿದ್ದರು. ಫೋನಿನಲ್ಲಿ ಚಾವ್‌ಫೆನ್ ಕೇಳಿದ್ದಕ್ಕೆಲ್ಲ "ಹೂಂ" ಎಂಬ ಉತ್ತರ ಬರುತ್ತಿತ್ತು. ಕೊನೆಗೆ ಅದೂ ನಿಂತಿತು. ಪರೀಕ್ಷೆಗೆ ಮುಂಚೆಯೇ ಹಾಸ್ಟೆಲಿನಿಂದ ಸುದ್ದಿ ಬಂತು. ಹುಡುಗಿ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದಾಳೆ.

ಹುಚ್ಚರಂತೆ ಹುಡುಕಿದರು. ಷೌಯಿ ಗುಯಿಜೌವರೆಗೆ ಹೋಗಿಬಂದ. ಚಾವ್‌ಫೆನ್ ನಿಂಗ್ಬೊ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಸಿಕ್ಕವರಿಗೆ ಫೋಟೊ ತೋರಿಸಿದಳು. ಬೇಸಿಗೆ ಕಳೆದ ಮೇಲೆ ಒಂದು ದಿನ ನಿಂಗ್‌ನಿಂಗ್ ಫೋನು ಮಾಡಿದಳು.

"ಹುಡುಕಬೇಡಿ. ಕೆಲಸಕ್ಕೆ ಸೇರಿದೀನಿ. ಚೆನ್ನಾಗಿದೀನಿ."

"ಎಲ್ಲಿದೀಯ ನನ್ನವ್ವ? ಊರಿಗೆ ಹೋಗು ಅನ್ನಲ್ಲ, ಓದು ಅನ್ನಲ್ಲ. ಮನೆಗೆ ಬಾ."

"ಯಾವ ಮನೆಗೆ?"

ಓಣಿಯ ಗೋಡೆಗಳ ಮೇಲೆ ಆಗಲೇ ಕೆಂಪು ಬಣ್ಣದಲ್ಲಿ 'ಕೆಡವು' ಎಂದು ಬರೆದಾಗಿತ್ತು. ಬಾವೊ ಅಜ್ಜಿಯನ್ನು ಮಗ ತನ್ನ ಮನೆಗೆ ಕರೆದೊಯ್ದಿದ್ದ. ಚಾವ್‌ಫೆನ್, ಷೌಯಿ ಊರಾಚೆ ಕಾರ್ಖಾನೆಯೊಂದರ ಹಿಂದೆ ತಗಡಿನ ಸೂರಿಗೆ ಹೋಗಿದ್ದರು.

ಮಗಳಿರುವ ಜಾಗ ಗೊತ್ತಾದದ್ದು ಮಾರ್ಕೆಟ್ಟಿನ ಗೆಳತಿಯೊಬ್ಬಳಿಂದ. ನಿಂಗ್ಬೊದಲ್ಲೇ, ದೊಡ್ಡ ಮಾಲೊಂದರಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಚಾವ್‌ಫೆನ್ ಸ್ನಾನ ಮಾಡಿ, ಮಡಿಚಿಟ್ಟಿದ್ದ ಕೋಟು ಹಾಕಿಕೊಂಡು, ಅಕ್ಕಿಯ ಕಡುಬು ಬೇಯಿಸಿ ಡಬ್ಬಿಗೆ ತುಂಬಿ ಹೋದಳು. ಗಾಜಿನಾಚೆ ನಿಂಗ್‌ನಿಂಗ್ ಒಬ್ಬ ಹೆಂಗಸಿನ ಕೈ ಹಿಡಿದು ಕುಳಿತಿದ್ದಳು. ಕೂದಲಿಗೆ ಕಂದು ಬಣ್ಣ. ಬಾಯಲ್ಲಿ ಅದೇ ನಿಂಗ್ಬೊ ಮಾತು, ಅಜ್ಜಿಯದೇ ರಾಗ.

"ನಮ್ಮಜ್ಜಿ ಅಂತಿದ್ರು," ಅನ್ನುತ್ತಿದ್ದಳು ಗಿರಾಕಿಗೆ, "ಈ ಊರಿನ ಹುಡುಗೀರ ಬೆರಳು ಏಡಿ ತಿಂದು ತಿಂದೇ ಚೂಪಾಗಿರೋದಂತೆ."

"ಅಯ್ಯೋ, ನಮ್ಮಜ್ಜೀನೂ ಹಾಗೇ ಅಂತಿದ್ರು! ಅಸಲಿ ಊರೋರು ಸಿಗೋದೇ ಕಷ್ಟ ಆಗಿದೆ ಈಗ. ಎಲ್ಲಿ ನೋಡಿದ್ರೂ ಹೊರಗಿನೋರೇ."

"ಅದೇ ಮತ್ತೆ," ಅಂದಳು ನಿಂಗ್‌ನಿಂಗ್. ತಲೆ ಎತ್ತಿದಾಗ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

ನಿಂಗ್‌ನಿಂಗ್ ಗಿರಾಕಿಯ ಕೈ ಬಿಡಲಿಲ್ಲ. ಶಾಲೆಯಲ್ಲಿ ಕಲಿತ ಸ್ವಚ್ಛ ಭಾಷೆಯಲ್ಲಿ, ಅಪರಿಚಿತರನ್ನು ಮಾತಾಡಿಸುವಂತೆ ಕೇಳಿದಳು, "ಆಂಟಿ, ಏನು ಬೇಕಿತ್ತು?"

ಗಿರಾಕಿಯೂ ತಿರುಗಿ ನೋಡಿದಳು. ಚಾವ್‌ಫೆನ್ ಬಾಯಿ ತೆರೆದಳು. ತಾನು ಒಂದು ಮಾತಾಡಿದರೂ ಸಾಕು, ಆ ಉಚ್ಚಾರದಲ್ಲೇ ಗುಯಿಜೌ ಬೆಟ್ಟ ಎದ್ದು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಡಬ್ಬಿಯನ್ನು ಮೇಜಿನ ತುದಿಯಲ್ಲಿಟ್ಟು, ಏನೂ ಇಲ್ಲವೆಂಬಂತೆ ಕೈಯಾಡಿಸಿ ಹೊರಟಳು. ಬೆನ್ನ ಹಿಂದೆ ಗಿರಾಕಿ ಕೇಳಿದ್ದು ಕಿವಿಗೆ ಬಿತ್ತು.

"ಯಾರದು? ಮೂಗೀನಾ?"

"ನಮ್ಮನೆಗೆ ಮೀನು ತಂದುಕೊಡ್ತಿದ್ದೋರು. ಪಾಪ."

ಮತ್ತೆರಡು ಸಲ ಹೋದಾಗ ಚಾವ್‌ಫೆನ್ ಒಳಗೆ ಕಾಲಿಡಲಿಲ್ಲ, ದೂರದ ಕಂಬದ ಮರೆಯಲ್ಲಿ ನಿಂತು ನೋಡಿ ಬಂದಳು. ಅದರ ಮುಂದಿನ ಸಲ ಆ ಕುರ್ಚಿಯಲ್ಲಿ ಬೇರೆ ಹುಡುಗಿ ಇದ್ದಳು. ಕೇಳಿದರೆ, "ಅವಳು ಬಿಟ್ಟುಹೋದಳು, ಯಾರೋ ಕಂಬದ ಹತ್ರ ನಿಂತು ನೋಡ್ತಿರ್ತಾರೆ ಅಂತಿದ್ದಳು," ಅಂದರು. ಫೋನ್ ನಂಬರೂ ಬದಲಾಗಿತ್ತು.

ಷೌಯಿ ಊರಿಗೆ ಹಿಂತಿರುಗೋಣ ಎಂದು ಶುರುಮಾಡಿದ. "ಇನ್ಯಾಕೆ ಇಲ್ಲಿ? ಯಾರಿಗೋಸ್ಕರ?"

"ಅವಳು ಇದೇ ಊರಲ್ಲಿ ಎಲ್ಲೋ ಇದಾಳೆ," ಅಂದಳು ಚಾವ್‌ಫೆನ್. "ಅಲ್ಲಿ ನಮಗೆ ಅಷ್ಟೂ ಇಲ್ಲ."

ಆ ಚಳಿಗಾಲದ ಒಂದು ಮುಂಜಾನೆ ಬಾವೊ ಅಜ್ಜಿ ಮಾರ್ಕೆಟ್ಟಿಗೆ ಬಂದಳು. ತುಂಬ ಕುಗ್ಗಿದ್ದಳು. ಎರಡು ಬಸ್ಸು ಬದಲಿಸಿ ಬಂದೆ, ಮಗನಿಗೆ ಹೇಳಿಲ್ಲ, ಅಂದಳು. ಇಪ್ಪತ್ತನೇ ಅಂತಸ್ತಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಮಾತಾಡುವವರಿಲ್ಲ, ಸೊಸೆಗೆ ಮೀನಿನ ವಾಸನೆ ಆಗದು, ಮನೆಯಲ್ಲಿ ಯಾರೂ ನಿಂಗ್ಬೊ ಮಾತೇ ಆಡುವುದಿಲ್ಲ, ಎಂದೆಲ್ಲ ಹೇಳಿಕೊಂಡಳು. ಚಾವ್‌ಫೆನ್ ಕೈಯಲ್ಲಿ ಕತ್ತಿ ಹಿಡಿದು ಕೇಳುತ್ತ ನಿಂತಳು. ಎಷ್ಟೋ ರಾತ್ರಿ ಮನಸ್ಸಿನಲ್ಲೇ ಈ ಮುದುಕಿಗೆ ಹೇಳಿಕೊಂಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು.

"ನಿಂಗ್‌ನಿಂಗ್ ಹೇಗಿದಾಳೆ?" ಅಜ್ಜಿ ಕೊನೆಗೂ ಕೇಳಿದಳು. "ನನ್ನ ಮೇಲೆ ಇನ್ನೂ ಕೋಪಾನಾ?"

ಚಾವ್‌ಫೆನ್ ಹಲಗೆಯ ಮೇಲಿನ ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು, ನೀರು ಹೊಯ್ದಳು.

"ಇಲ್ಲ ಅಜ್ಜಿ. ನಮ್ಮೂರಲ್ಲೇ ಓದ್ತಿದಾಳೆ. ಚೆನ್ನಾಗಿ ಹೊಂದ್ಕೊಂಡಿದಾಳೆ."

ಅಜ್ಜಿಯ ಮುಖ ಸಡಿಲವಾಯಿತು. "ನೋಡಿದೆಯಾ? ನಾನು ಆಗಲೇ ಹೇಳ್ಲಿಲ್ವಾ? ಎಲ್ಲ ಒಳ್ಳೇದಕ್ಕೇ."

"ಹೌದು ಅಜ್ಜಿ," ಅಂದಳು ಚಾವ್‌ಫೆನ್. ಮೀನನ್ನು ಚೀಲಕ್ಕೆ ಹಾಕಿ, ಗಂಟು ಬಿಗಿದು, ಅಜ್ಜಿಯ ಕೈಗೆ ಕೊಟ್ಟಳು. ಬಸ್ ಸ್ಟಾಪಿನವರೆಗೂ ಜೊತೆಗೆ ಹೋಗಿ ಹತ್ತಿಸಬೇಕೆನ್ನಿಸಿತು. ಹೋಗಲಿಲ್ಲ. ಹಿಂದೆ ಗಿರಾಕಿಗಳು ಸಾಲುಗಟ್ಟಿದ್ದರು, ಬೇಗ ಬೇಗ ಎಂದು ಗದರುತ್ತಿದ್ದರು. ಅವಳು ಮುಂದಿನ ಮೀನು ಎತ್ತಿಕೊಂಡಳು.